ಮಕ್ಕಳ ಕೈಗೆ ಗಾಡಿ ಕೀ ಕೊಡುವ ಮುನ್ನ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ ಇಂಥ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಹಸುವಿನ ಮಾತನ್ನು ಸ್ವಲ್ಪ ಬದಿಗಿಟ್ಟು ಮಕ್ಕಳ ಮಾತು ಬರೆಯುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ.

ಎರಡು ವರ್ಷದ ಹಿಂದೆ, ರಾಗಿ ಕೊಯ್ಲಿನ ಕಾಲ. ಸಂಜೆ ಏಳೂವರೆಗೆ ಒಬ್ಬ ಸದಸ್ಯೆಯಿಂದ ಫೋನ್ ಬಂತು. ಕರು ಹಾಕಿ ಎರಡು ದಿನವಾದ ಹಸು ನೆಲ ಹಿಡಿದಿದೆ, ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಾಗಿದೆ ಎಂದರು. ಹಾಲು ಜ್ವರದ ಲಕ್ಷಣ. ಅವರದು ಊರಾಚೆಯ ತೋಟದ ಮನೆ. "ಬರ್ತೀನಿ, ದಾರಿ ಗೊತ್ತಿಲ್ಲ, ಯಾರನ್ನಾದ್ರೂ ರೋಡಿಗೆ ಕಳಿಸಿ" ಎಂದೆ. ಯಾರನ್ನು ಕಳಿಸುತ್ತಾರೆ ಎಂದು ನಾನು ಕೇಳಲಿಲ್ಲ.

ಅವರು ಹದಿನಾರು ವರ್ಷದ ಮಗನನ್ನು ಬೈಕಿನಲ್ಲಿ ಕಳಿಸಿದರು. ಕೆರೆ ಏರಿಯ ತಿರುವಿನಲ್ಲಿ ಯಾರೋ ಒಕ್ಕಣೆಗೆಂದು ರಾಗಿ ತೆನೆ ಹರಡಿದ್ದರು. ಕತ್ತಲಲ್ಲಿ ಹುಡುಗನಿಗೆ ಅದು ಕಾಣಲಿಲ್ಲ, ಗಾಡಿ ಜಾರಿತು. ನಾನು ಹೋಗುವಾಗ ನನ್ನ ಗಾಡಿಯ ಬೆಳಕಿನಲ್ಲಿ ಮೊದಲು ಕಂಡದ್ದು ರಸ್ತೆ ಮೇಲೆ ಬಿದ್ದಿದ್ದ ಅವನ ಚಪ್ಪಲಿ. ತೊಡೆಯ ಮೂಳೆ ಮುರಿದಿತ್ತು. ತಲೆಗೆ ಹೆಲ್ಮೆಟ್ ಇರಲಿಲ್ಲ. ತಲೆ ನೆಲಕ್ಕೆ ಬಡಿಯದಿದ್ದದ್ದು ಅದೃಷ್ಟ. 108ಕ್ಕೆ ಫೋನ್ ಮಾಡಿ, ಅವನನ್ನು ಚಿಕ್ಕಪ್ಪನ ಜೊತೆ ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಹಸುವಿನ ಹತ್ತಿರ ಹೋದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟ ಒಂದು ಗಂಟೆಯೊಳಗೆ ಹಸು ಎದ್ದು ನಿಂತಿತು. ಹುಡುಗ ಊರುಗೋಲಿಲ್ಲದೆ ನಿಲ್ಲಲು ನಾಲ್ಕು ತಿಂಗಳು ಬೇಕಾಯಿತು.

"ಫೋನ್‌ನಲ್ಲೇ ದಾರಿ ಹೇಳ್ಬೋದಿತ್ತು ಡಾಕ್ಟ್ರಮ್ಮ. ಹಸ ಬಿದ್ದಿದ್ದು ನೋಡಿ ನಂಗೆ ಏನೂ ತೋಚ್ಲಿಲ್ಲ" ಎಂದರು ಆ ತಾಯಿ ಆಮೇಲೆ. ತಪ್ಪು ಅವರೊಬ್ಬರದಲ್ಲ, ನನ್ನದೂ ಹೌದು. ಅಂದಿನಿಂದ ದಾರಿ ತೋರಿಸಲು ಯಾರನ್ನಾದರೂ ಕಳಿಸಿ ಎಂದು ನಾನು ಹೇಳುವುದಿಲ್ಲ. ಕೂಡುರಸ್ತೆಯಲ್ಲಿ ದೊಡ್ಡವರೊಬ್ಬರು ಟಾರ್ಚ್ ಹಿಡಿದು ನಿಂತರೆ ಸಾಕು.

ಬೆಳಿಗ್ಗೆ ಡೇರಿಯ ಮುಂದೆ ನಿಂತು ನೋಡಿ. ಕ್ಯಾನ್ ಕಟ್ಟಿಕೊಂಡು ಬರುವ ಗಾಡಿಗಳಲ್ಲಿ ಎಷ್ಟನ್ನು ಮೀಸೆ ಮೂಡದ ಹುಡುಗರು ಓಡಿಸುತ್ತಾರೆ ಎಂದು ಎಣಿಸಿ. ಹಾಲು, ಹುಲ್ಲು, ಬೂಸಾ, ಹಿಂಡಿ ಎಲ್ಲದಕ್ಕೂ ನಾವು ಕಳಿಸುವುದು ಅವರನ್ನೇ. ಅವರು ಗಾಡಿ ಕಲಿಯುವುದು ನಮ್ಮ ಹೈನುಗಾರಿಕೆಯ ಕೆಲಸದ ಮೇಲೆಯೇ. ಆದ್ದರಿಂದ ಅವರನ್ನು ಒಳ್ಳೆಯ ಸವಾರರನ್ನಾಗಿ ಮಾಡುವ ಜವಾಬ್ದಾರಿಯೂ ನಮ್ಮದೇ.

"ನಂಗೇ ಗಾಡಿ ಬರಲ್ಲ, ನಾನೇನು ಹೇಳಿಕೊಡ್ಲಿ?"

ಸಂಘದ ಸಭೆಗಳಲ್ಲಿ ಈ ಮಾತೆತ್ತಿದಾಗ ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಹೇಳಿಕೊಡಲು ಬೇರೆಯವರಿದ್ದಾರೆ. ಆದರೆ ಮೂರು ವಿಷಯ ನಿಮ್ಮ ಕೈಯಲ್ಲೇ ಇವೆ: ಗಾಡಿಯ ಕೀ, ಪೆಟ್ರೋಲಿನ ದುಡ್ಡು ಮತ್ತು ಮನೆಯಿಂದ ಹೊರಡುವ ಹೊತ್ತು. ಹಾಲಿನ ಬಟವಾಡೆ ನಿಮ್ಮ ಖಾತೆಗೆ ಬರುತ್ತದೆ, ಕೊಟ್ಟಿಗೆಯ ಕೆಲಸ ಯಾವಾಗ ಶುರುವಾಗಬೇಕು ಎಂದು ತೀರ್ಮಾನಿಸುವವರು ನೀವು. ಈ ಮೂರನ್ನು ಸರಿಯಾಗಿ ಹಿಡಿದುಕೊಂಡರೆ, ಗಾಡಿ ಓಡಿಸಲು ಬರದ ತಾಯಿಯೂ ಮಗನಿಗೆ, ಮಗಳಿಗೆ ಒಳ್ಳೆಯ ಸವಾರಿ ಕಲಿಸಬಲ್ಲಳು.

ಕಾಲು ನೆಲಕ್ಕೆ ತಾಗಿದರೆ ಸಾಲದು

ಮಿಶ್ರತಳಿ ಪಡ್ಡೆ ಕರು ಬೆದೆಗೆ ಬಂದ ತಕ್ಷಣ ನಾವು ಗರ್ಭಧಾರಣೆ ಮಾಡಿಸುವುದಿಲ್ಲ. ದೇಹದ ತೂಕ ಸುಮಾರು 250 ಕೆ.ಜಿ. ಆಗಲಿ, ಅಲ್ಲಿಯವರೆಗೆ ತಡೆಯಿರಿ ಎಂದು ನಾನೇ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಬೆದೆ ಬಂದಿದೆ ಎಂದ ಮಾತ್ರಕ್ಕೆ ಕರು ಹೊರುವ ಶಕ್ತಿ ಬಂದಿದೆ ಎಂದಲ್ಲ. ಮಕ್ಕಳ ವಿಷಯವೂ ಹಾಗೆಯೇ. ಹದಿನಾಲ್ಕು ವರ್ಷಕ್ಕೆ ಕಾಲು ನೆಲಕ್ಕೆ ತಾಗುತ್ತದೆ, ಕೈ ಹ್ಯಾಂಡಲ್ ಹಿಡಿಯುತ್ತದೆ, ಒಂದೇ ವಾರದಲ್ಲಿ ಗೇರ್ ಹಾಕುವುದೂ ಬರುತ್ತದೆ. ಮುಂದೆ ಏನಾಗಬಹುದು ಎಂದು ಮೊದಲೇ ಊಹಿಸಿ ವೇಗ ತಗ್ಗಿಸುವ ಬುದ್ಧಿ ಮಾತ್ರ ಅಷ್ಟು ಬೇಗ ಬರುವುದಿಲ್ಲ. ಮಿದುಳಿನಲ್ಲಿ ಮುಂದಾಲೋಚನೆಗೆ ಸಂಬಂಧಿಸಿದ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಿಂದೆ ಇಬ್ಬರು ಸ್ನೇಹಿತರು ಕೂತರಂತೂ ಹದಿಹರೆಯದವರ ಧೈರ್ಯ ಅಳತೆ ಮೀರುತ್ತದೆ.

ಕಾನೂನು ಹಿಡಿಯುವುದು ತಾಯಿ ತಂದೆಯನ್ನು

ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. 16 ತುಂಬಿದವರು ಓಡಿಸಬಹುದಾದದ್ದು ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿ ಮಾತ್ರ. ಅದಕ್ಕೂ ಲೈಸೆನ್ಸ್ ಬೇಕು. ನಾವು ಹಾಲಿನ ಕ್ಯಾನ್ ಕಟ್ಟುವ ಮೊಪೆಡ್‌ಗೂ ಗೇರ್ ಇಲ್ಲ, ಆದರೆ ಅದರ ಎಂಜಿನ್ ಸುಮಾರು 100 ಸಿಸಿ. ಹಾಗಾಗಿ ಅದಕ್ಕೂ 18 ತುಂಬಲೇಬೇಕು. ಗಂಟೆಗೆ 25 ಕಿ.ಮೀ. ಮೀರದ, ಕಡಿಮೆ ಶಕ್ತಿಯ ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ. ಅದಕ್ಕಿಂತ ವೇಗವಾಗಿ ಹೋಗುವ ಬ್ಯಾಟರಿ ಗಾಡಿಗೆ ಬೇಕು. ಟ್ರ್ಯಾಕ್ಟರ್‌ಗೂ ಬೇಕು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಕಲಂ ಸೇರಿತು. ಹದಿನೆಂಟು ತುಂಬದವರು ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅದರ ಪ್ರಕಾರ ಹೊಣೆ ಹೊರುವವರು ತಾಯಿ ತಂದೆ, ಇಲ್ಲವೇ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ನಂಗೆ ಗೊತ್ತಿಲ್ಲದೆ ತಗೊಂಡು ಹೋದ" ಎಂದರೆ ಸಾಲದು. ನಿಮ್ಮ ಒಪ್ಪಿಗೆಯಿಂದಲೇ ಓಡಿಸಿದ ಎಂದು ನ್ಯಾಯಾಲಯ ಮೊದಲೇ ಭಾವಿಸುತ್ತದೆ. ಗೊತ್ತಿರಲಿಲ್ಲ, ಅಥವಾ ತಡೆಯಲು ಮಾಡಬೇಕಾದದ್ದೆಲ್ಲ ಮಾಡಿದ್ದೆ ಎಂದು ತೋರಿಸಬೇಕಾದವರು ನೀವು.

ನಮ್ಮ ಎಷ್ಟೋ ಸದಸ್ಯೆಯರು ಸಾಲ ತೆಗೆದು ಗಾಡಿ ಕೊಂಡಿದ್ದಾರೆ, ಆರ್‌ಸಿ ಅವರ ಹೆಸರಿನಲ್ಲೇ ಇದೆ. ಅಂಥವರು ಇದನ್ನು ಇನ್ನೊಮ್ಮೆ ಓದಿ. 25 ವರ್ಷದವರೆಗೆ ಲೈಸೆನ್ಸ್ ಇಲ್ಲ ಎಂದರೆ, ಡ್ರೈವಿಂಗ್ ಕೆಲಸ ನಂಬಿಕೊಂಡ ಹುಡುಗನಿಗೆ ಏಳೆಂಟು ವರ್ಷದ ದುಡಿಮೆ ಹೋದಂತೆ.

ವಿಮೆಯ ಮಾತು ನಿಮಗೆ ಹೊಸದಲ್ಲ. ಕಿವಿಯೋಲೆ ಇಲ್ಲದ ಹಸು ಸತ್ತರೆ ವಿಮಾ ಹಣ ಬರುವುದಿಲ್ಲ. ಗಾಡಿಗೆ ಲೈಸೆನ್ಸ್ ಆ ಕಿವಿಯೋಲೆ ಇದ್ದ ಹಾಗೆ. ಲೈಸೆನ್ಸ್ ಇಲ್ಲದವನು ಓಡಿಸಿ ಇನ್ನೊಬ್ಬರಿಗೆ ಪೆಟ್ಟಾದರೆ, ಪರಿಹಾರದ ಹಣ ಕೊನೆಗೆ ಗಾಡಿಯ ಮಾಲೀಕರ ಮೇಲೆಯೇ ಬೀಳಬಹುದು. ಅಂದು ಕೆರೆ ಏರಿ ಮೇಲೆ ಎದುರಿನಿಂದ ಯಾರೂ ಬರಲಿಲ್ಲ. ಬಂದಿದ್ದರೆ ಆ ಮನೆಯವರು ಹಸು ಅಷ್ಟೇ ಅಲ್ಲ, ಹೊಲವನ್ನೂ ಮಾರಬೇಕಾಗುತ್ತಿತ್ತು.

ಹೋರಿ ಪಳಗಿಸಿದ ಹಾಗೆ ಕಲಿಸಿ

ಹೋರಿಯನ್ನು ಉಳುಮೆಗೆ ಪಳಗಿಸುವುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಮೊದಲು ಮೂಗುದಾರ ಹಾಕಿ ನಡೆಸುತ್ತಾರೆ. ಆಮೇಲೆ ಬರೀ ನೊಗ ಹೊರಿಸುತ್ತಾರೆ. ಪಳಗಿದ ಹಳೆಯ ಎತ್ತಿನ ಜೊತೆ ಹೂಡುತ್ತಾರೆ. ಸಡಿಲ ಮಣ್ಣಿನಲ್ಲಿ ನೇಗಿಲು ಎಳೆಸಿ, ಭಾರದ ಗಾಡಿ ಕಟ್ಟಿ ರಸ್ತೆಗೆ ಇಳಿಸುವುದು ಕಟ್ಟಕಡೆಗೆ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಇದನ್ನು ತಲೆಕೆಳಗು ಮಾಡುತ್ತೇವೆ. ಗಾಡಿ ಹಿಡಿದ ಎರಡನೆಯ ವಾರಕ್ಕೇ ಹಿಂದೆ ಕ್ಯಾನ್ ಕಟ್ಟಿ, ಮುಂದೆ ಬೂಸಾ ಮೂಟೆ ಇಟ್ಟು, ಮಬ್ಬುಗತ್ತಲಲ್ಲಿ ಕಳಿಸುತ್ತೇವೆ.

ಹದಿನೆಂಟು ತುಂಬಿದ ಮೇಲೆ ಹೀಗೆ ಮಾಡಿ.

ಮೊದಲು ಎಲ್‌ಎಲ್‌ಆರ್ ಮಾಡಿಸಿ. ಅದರ ಪರೀಕ್ಷೆಯಲ್ಲಿ ರಸ್ತೆಯ ಫಲಕಗಳ ಬಗ್ಗೆ, ನಿಯಮಗಳ ಬಗ್ಗೆ ಕೇಳುತ್ತಾರೆ. ಬೇರೆ ಯಾರಿಂದಲೋ ಬರೆಸಬೇಡಿ, ಮಕ್ಕಳೇ ಓದಿ ಬರೆಯಲಿ. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಸಿಕ್ಕಿದ 30 ದಿನದ ನಂತರ ಡಿಎಲ್ ಪರೀಕ್ಷೆಗೆ ಹೋಗಬಹುದು. ಗಾಡಿಯ ಮುಂದೆಯೂ ಹಿಂದೆಯೂ ಎಲ್ ಬೋರ್ಡ್ ಇರಬೇಕು. ಹೇಳಿಕೊಡುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಮೊದಲ ಕೆಲವು ವಾರ ಹಗಲಿನಲ್ಲಿ, ಖಾಲಿ ಗಾಡಿ, ಊರೊಳಗಿನ ರಸ್ತೆ. ಲೈಸೆನ್ಸ್ ಇರುವ ದೊಡ್ಡವರೊಬ್ಬರು ಜೊತೆಗಿರಲಿ. ಹಳೆಯ ಎತ್ತು ಅವರೇ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವುದು, ತಿರುವಿಗೆ ಮುಂಚೆಯೇ ವೇಗ ತಗ್ಗಿಸುವುದು, ಕನ್ನಡಿ ನೋಡುವುದು ಇಲ್ಲಿ ಅಭ್ಯಾಸವಾಗಬೇಕು.

ಆಮೇಲೆ ಚೆನ್ನಾಗಿ ಬೆಳಕಾದ ಮೇಲೆ ಸ್ವಲ್ಪ ಹಾಲಿನೊಂದಿಗೆ ಡೇರಿಗೆ ಕಳಿಸಿ. ಮಳೆ, ರಾತ್ರಿ, ಹೆದ್ದಾರಿ ದಾಟುವುದು, ಇಬ್ಬರ ಸವಾರಿ ಇವೆಲ್ಲ ಕೊನೆಗೆ. ಡಿಎಲ್ ಕೈಗೆ ಬಂದ ಮೊದಲ ವರ್ಷ ರಾತ್ರಿ ಸವಾರಿಯನ್ನು ಆದಷ್ಟು ತಪ್ಪಿಸಿ.

ಈ ಹಂತಗಳು ಹೆಣ್ಣುಮಕ್ಕಳಿಗೂ ಅನ್ವಯ. ಮಗಳಿಗೂ ಕಲಿಸಿ, ಸಾಧ್ಯವಾದರೆ ಅವಳ ಜೊತೆ ನೀವೂ ಕಲಿಯಿರಿ. ಹಾಲು ಹಾಕಲು ಬೇರೆಯವರನ್ನು ಕಾಯುವುದು ತಪ್ಪುತ್ತದೆ.

ಕ್ಯಾನಿನ ಭಾರ ಗಾಡಿಯ ನಡಿಗೆಯನ್ನೇ ಬದಲಿಸುತ್ತದೆ

ಒಂದು ಲೀಟರ್ ಹಾಲು ಒಂದು ಕೆ.ಜಿ.ಗಿಂತ ತುಸು ಹೆಚ್ಚೇ ತೂಗುತ್ತದೆ. 20 ಲೀಟರಿನ ಕ್ಯಾನ್ ತುಂಬಿದರೆ ಹಾಲೇ 20 ಕೆ.ಜಿ. ದಾಟುತ್ತದೆ, ಕ್ಯಾನಿನ ತೂಕ ಬೇರೆ. ಅದನ್ನು ಒಂದೇ ಬದಿಗೆ ಕಟ್ಟಿದರೆ ಗಾಡಿ ಆ ಕಡೆ ಎಳೆಯುತ್ತದೆ. ತೀರ ಹಿಂದಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಅರ್ಧ ತುಂಬಿದ ಕ್ಯಾನ್ ಇನ್ನೂ ಮೋಸ; ಬ್ರೇಕ್ ಹಿಡಿದಾಗ, ತಿರುಗಿಸಿದಾಗ ಒಳಗಿನ ಹಾಲು ತುಳುಕಿ ಗಾಡಿಯನ್ನು ಅಲ್ಲಾಡಿಸುತ್ತದೆ.

ಅದಕ್ಕೇ ಎರಡು ಚಿಕ್ಕ ಕ್ಯಾನ್‌ಗಳನ್ನು ಎರಡೂ ಬದಿಗೆ ಸಮ ತೂಕಕ್ಕೆ ಕಟ್ಟುವುದು ಒಳ್ಳೆಯದು. ಕಬ್ಬಿಣದ ಸ್ಟ್ಯಾಂಡಿಗೆ ಗಟ್ಟಿ ಟ್ಯೂಬಿನಿಂದ ಬಿಗಿಯಿರಿ. ಹ್ಯಾಂಡಲ್‌ಗೆ ಕ್ಯಾನ್ ನೇತುಹಾಕಲೇಬೇಡಿ. ಬೂಸಾ ಮೂಟೆ ಮುಂದಿಟ್ಟಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ ಎಂದು ನಿಂತಲ್ಲೇ ತಿರುಗಿಸಿ ನೋಡಿ. ಹುಲ್ಲಿನ ಹೊರೆ ಹಿಂದಿನ ದೀಪವನ್ನು, ಕನ್ನಡಿಯನ್ನು ಮುಚ್ಚಬಾರದು.

ದನ ಕಂಡಾಗ ಏನು ಮಾಡಬೇಕು

ಇದು ನನ್ನ ವೃತ್ತಿಯ ಮಾತು. ದನದ ಕಣ್ಣು ಮುಖದ ಎರಡು ಬದಿಗಿರುವುದರಿಂದ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ಹಿಂದಿನಿಂದ ಜೋರಾಗಿ ಹಾರನ್ ಹೊಡೆದರೆ ಅದು ಬೆದರಿ ಯಾವ ಕಡೆ ನುಗ್ಗುತ್ತದೋ ಹೇಳಲಾಗದು. ಹಾರನ್ ಬಿಟ್ಟು ವೇಗ ತಗ್ಗಿಸಬೇಕು. ದನ ರಸ್ತೆ ದಾಟುತ್ತಿದ್ದರೆ ಅದರ ಮುಂದೆ ನುಗ್ಗದೆ, ಅದು ಸರಿದ ಮೇಲೆ ಹಿಂದಿನಿಂದ ಹೋಗಬೇಕು. ತಾಯಿ ಹಸು ರಸ್ತೆಯ ಒಂದು ಬದಿಗೆ, ಕರು ಇನ್ನೊಂದು ಬದಿಗೆ ಇದ್ದರೆ ಪೂರ್ತಿ ನಿಲ್ಲಿಸುವುದೇ ಮೇಲು. ಬೆದರಿದ ಕರು ತಾಯಿಯ ಕಡೆಗೇ ಓಡುತ್ತದೆ. ಕಪ್ಪು ಎಮ್ಮೆ ಮುಸ್ಸಂಜೆಯಲ್ಲಿ ತೀರ ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ.

ಹಾಗೆಯೇ ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ರಸ್ತೆ ಬದಿಯ ಮರಕ್ಕೆ ಉದ್ದ ಹಗ್ಗದಲ್ಲಿ ದನ ಕಟ್ಟಬೇಡಿ. ದನ ಆಚೆ ಹೋಗಿ ಹಗ್ಗ ರಸ್ತೆಗೆ ಅಡ್ಡ ಬಿಗಿದು ನಿಂತರೆ ಕತ್ತಲಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಜೆ ದನ ಹೊಡೆದುಕೊಂಡು ಬರುವಾಗ ಟಾರ್ಚ್ ಇರಲಿ. ರಾಗಿ, ಹುರುಳಿಯನ್ನು ರಸ್ತೆಗೆ ಹಾಸಿ ಒಕ್ಕಣೆ ಮಾಡುವುದನ್ನು ಬಿಡಿ. ಅದರ ಮೇಲೆ ಜಾರಿ ಬೀಳುವುದು ಪಕ್ಕದ ಮನೆಯ ಮಗುವಾಗಿರಬಹುದು, ನಮ್ಮದೇ ಆಗಿರಬಹುದು.

ಅವಸರ ಯಾರದು?

"ಬೇಗ ಹೋಗೋ, ಡೇರಿ ಮುಚ್ಚಿಬಿಡ್ತಾರೆ!" ಈ ಮಾತು ಕೇಳದ ಕೊಟ್ಟಿಗೆ ನಮ್ಮಲ್ಲಿ ಇಲ್ಲ. ಲೆಕ್ಕ ಹಾಕಿ ನೋಡಿ. ಡೇರಿ ಎರಡು ಕಿ.ಮೀ. ದೂರವಿದ್ದರೆ, 30ರ ವೇಗದಲ್ಲಿ ನಾಲ್ಕು ನಿಮಿಷದ ದಾರಿ. 60ರಲ್ಲಿ ಹೋದರೆ ಎರಡು ನಿಮಿಷ. ಉಳಿಯುವುದು ಎರಡೇ ನಿಮಿಷ. ಆದರೆ ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟು. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣಿಗೆ ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಶುಚಿಯಾಗಿ ಕರೆದು ಶುಚಿಯಾದ ಕ್ಯಾನಿನಲ್ಲಿಟ್ಟ ಹಾಲು ಎರಡು ನಿಮಿಷಕ್ಕಲ್ಲ, ಅರ್ಧ ಗಂಟೆಗೂ ಒಡೆಯುವುದಿಲ್ಲ.

ನೀವು ನಸುಕಿಗೇ ಎದ್ದು ದುಡಿಯುವವರು, ಇನ್ನೂ ಬೇಗ ಏಳಿ ಎಂದು ನಾನು ಹೇಳುತ್ತಿಲ್ಲ. ಮನೆಯವರು ಕೆಲಸ ಹಂಚಿಕೊಳ್ಳಲಿ. ಕ್ಯಾನ್ ತೊಳೆದು ಬೋರಲು ಹಾಕುವುದು, ಟ್ಯೂಬ್ ಹುಡುಕಿಡುವುದು, ಪೆಟ್ರೋಲ್ ನೋಡುವುದು ರಾತ್ರಿಯೇ ಮುಗಿಯಲಿ. ಹಾಲು ಹಾಕುವವನು ಐದು ಗಂಟೆಗೇ ಎದ್ದು ಸಗಣಿ ಬಾಚಲು ಕೈ ಹಾಕಲಿ. ಹತ್ತು ನಿಮಿಷ ತಾನಾಗಿ ಸಿಗುತ್ತದೆ. ಹಾಲು ಸ್ವೀಕರಿಸುವ ಹೊತ್ತು ನಿಮ್ಮ ಊರಿಗೆ ಹೊಂದುತ್ತಿಲ್ಲವಾದರೆ ಸಂಘದ ಸಭೆಯಲ್ಲಿ ಮಾತೆತ್ತಿ. ಸಂಘ ನಿಮ್ಮದೇ.

ಮನೆಯಲ್ಲಿ ಲೈಸೆನ್ಸ್ ಇರುವವರು ಯಾರೂ ಇಲ್ಲವೇ? ಅದೇ ಬೀದಿಯಲ್ಲಿ ಲೈಸೆನ್ಸ್ ಇರುವವರೊಬ್ಬರ ಗಾಡಿಯಲ್ಲಿ ಎರಡು ಮೂರು ಮನೆಯ ಹಾಲು ಹೋಗಲಿ, ಪೆಟ್ರೋಲ್ ಖರ್ಚು ಹಂಚಿಕೊಳ್ಳಿ. ಹಾಲು ಮಾತ್ರ ಬೆರೆಸಬೇಡಿ. ಫ್ಯಾಟ್, ಎಸ್‌ಎನ್‌ಎಫ್ ಪ್ರತಿ ಸದಸ್ಯೆಗೂ ಬೇರೆ ಬೇರೆ ನೋಡುವುದರಿಂದ ಕ್ಯಾನ್ ಮೇಲೆ ಹೆಸರು ಬರೆದಿರಲಿ. ಡೇರಿ ಹತ್ತಿರವಿದ್ದರೆ ಹುಡುಗರಿಗೆ ಸೈಕಲ್ ಸಾಕು.

ಇನ್ನೊಂದು ಮಾತು. ಮಗ ಗಾಡಿಯಲ್ಲಿ ಹೋಗಿದ್ದಾಗ "ಎಲ್ಲಿದ್ದೀಯಾ?" ಎಂದು ಫೋನ್ ಮಾಡಬೇಡಿ. ಫೋನ್ ಎತ್ತಬೇಡ ಎಂದು ಬುದ್ಧಿ ಹೇಳುವವರೂ ನಾವೇ, ಓಡಿಸುವಾಗ ಫೋನ್ ಮಾಡುವವರೂ ನಾವೇ.

ಹೆಲ್ಮೆಟ್: ತಾಯಿಗೂ ಒಂದು

ಓಡಿಸುವವರಿಗೂ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಸಾಧಾರಣ ಹೆಲ್ಮೆಟ್ ಒಂದು ಮೂಟೆ ಪಶು ಆಹಾರದ ಬೆಲೆಯೊಳಗೆ ಸಿಗುತ್ತದೆ. ಗಲ್ಲದ ಪಟ್ಟಿ ಹಾಕದಿದ್ದರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬಳಸಬೇಡಿ. ಸಂತೆಗೆ, ಸಭೆಗೆ ಮಗನ ಹಿಂದೆ ಕೂತು ಹೋಗುವಾಗ ನೀವೂ ಹೆಲ್ಮೆಟ್ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಚಕ್ರಕ್ಕೆ ಸೆರಗು ಸಿಕ್ಕಿ ಬಿದ್ದ ಹೆಂಗಸರಿದ್ದಾರೆ. ನೀವು ಹಾಕಿದರೆ ಮಕ್ಕಳಿಗೆ ಬೇರೆ ಉಪದೇಶ ಬೇಡ. ವೇಗ ಹೆಚ್ಚಾದರೆ ಹಿಂದೆ ಕೂತೇ ಭುಜ ತಟ್ಟಿ ಹೇಳಿ.

ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಹೆದರಿ ಮುಂದೆ ಹೋಗಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ. ಹೆಸರು ಹೇಳಲೇಬೇಕೆಂದು, ಸಾಕ್ಷಿಯಾಗಲೇಬೇಕೆಂದು ಒತ್ತಾಯಿಸುವಂತಿಲ್ಲ.

ಕೀ ಕೊಡುವ ಮುನ್ನ ಕೇಳಿಕೊಳ್ಳಿ

1. ವಯಸ್ಸು 18 ತುಂಬಿದೆಯೇ? ಎಲ್‌ಎಲ್‌ಆರ್ ಅಥವಾ ಡಿಎಲ್ ಇದೆಯೇ?
2. ಹೆಲ್ಮೆಟ್ ಹಾಕಿ, ಗಲ್ಲದ ಪಟ್ಟಿ ಬಿಗಿದಿದ್ದಾನೆಯೇ?
3. ದೀಪ, ಬ್ರೇಕ್, ಟೈರ್ ಸರಿಯಿವೆಯೇ? ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ?
4. ಕ್ಯಾನ್ ಎರಡೂ ಬದಿಗೆ ಸಮನಾಗಿ, ಬಿಗಿಯಾಗಿ ಕಟ್ಟಿದೆಯೇ?
5. ನಿಧಾನವಾಗಿ ಹೋಗಿ ಬರಲು ಬೇಕಾದಷ್ಟು ಹೊತ್ತು ನಾನು ಕೊಟ್ಟಿದ್ದೇನೆಯೇ?

ಒಂದಕ್ಕೆ "ಇಲ್ಲ" ಎಂದು ಬಂದರೂ ಅದು ಸರಿಯಾಗುವವರೆಗೆ ಕೀ ಮನೆಯಲ್ಲೇ ಇರಲಿ.

ಆ ತೋಟದ ಮನೆಯ ಹುಡುಗನಿಗೆ ಈಗ ಹದಿನೆಂಟು ತುಂಬಿದೆ. ಕಳೆದ ತಿಂಗಳು ಅದೇ ಮನೆಗೆ ಗರ್ಭ ಪರೀಕ್ಷೆಗೆ ಹೋಗಿದ್ದಾಗ ಎಲ್‌ಎಲ್‌ಆರ್ ತಂದು ತೋರಿಸಿದ. ಗಾಡಿ ಕೀ ಎಲ್ಲಿಡುತ್ತೀರಿ ಎಂದು ಅವನ ತಾಯಿಯನ್ನು ಕೇಳಿದೆ. ಹಾಲಿನ ಪಾಸ್‌ಪುಸ್ತಕ ಇಡುವ ಡಬ್ಬಿ ತೋರಿಸಿದರು. "ಕೇಳಿದ್ರೆ ಕೊಡ್ತೀನಿ ಡಾಕ್ಟ್ರಮ್ಮ. ಆದ್ರೆ ಕೇಳ್ಬೇಕು" ಎಂದರು. ಹಸು ನಾಲ್ಕು ತಿಂಗಳ ಗಬ್ಬ. ಈ ಸಲ ಕರು ಹಾಕುವ ಹೊತ್ತಿಗೆ ನನಗೆ ಆ ಮನೆಯ ದಾರಿ ಗೊತ್ತಿದೆ, ಯಾರೂ ಎದುರು ಬರಬೇಕಾಗಿಲ್ಲ.